ನಡೆದು ಮಾರುವವನಿಗೆ ಒಂದಿಷ್ಟು ಜಾಗ ಬಿಡಿ: ಹೌಸ್ ಆಫ್ ಲಾರ್ಡ್ಸ್ ಸದಸ್ಯರಿಗೊಂದು ಬಹಿರಂಗ ಪತ್ರ

ಮಾನ್ಯ ಸದಸ್ಯರೇ,

ನಿಮ್ಮಲ್ಲಿ ಕನ್ನಡ ಓದುವವರು ಇರಲಿಕ್ಕಿಲ್ಲ. ಆದರೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಈ ಬ್ರಿಟನ್ ದೇಶದಲ್ಲಿ ಮನೆ ಮಾಡಿ, ತಿಂಗಳು ತಿಂಗಳು ಕೌನ್ಸಿಲ್ ಟ್ಯಾಕ್ಸ್, ಅಂದರೆ ಊರಿನ ಆಡಳಿತಕ್ಕೆ ಕೊಡುವ ತೆರಿಗೆ, ಕಟ್ಟುವ ನಮ್ಮ ಜನ ಬೇಕಾದಷ್ಟಿದ್ದಾರೆ. ಅವರೂ ಇದನ್ನು ಓದಬೇಕು ಅಂತ ನನ್ನ ಆಸೆ. ಯಾರಾದರೂ ಅನುವಾದ ಮಾಡಿ ನಿಮ್ಮ ಮೇಜಿನ ಮೇಲಿಟ್ಟರೆ ಇನ್ನೂ ಸಂತೋಷ.

ಬೀದಿ ವ್ಯಾಪಾರದ ಬಗ್ಗೆ ನಗರ ಕೌನ್ಸಿಲ್‌ಗಳು, ಅಂದರೆ ನಮ್ಮ ಪಾಲಿಕೆಗಳಂಥವು, ತರುವ ಖಾಸಗಿ ಮಸೂದೆಗಳ ವಿಚಾರ ಇದು. ಅವು ಸಂಸತ್ತಿನ ಮೇಲ್ಮನೆಯಾದ ನಿಮ್ಮ ಸಭೆಗೆ ಬಂದಾಗ ನೀವು ಮಾಡುವ, ಮಾಡಬಹುದಾದ ತಿದ್ದುಪಡಿಗಳ ಬಗ್ಗೆ ನನ್ನದೊಂದು ಬೇಡಿಕೆ ಇದೆ.

ಊರಿನಲ್ಲಿರುವ ಓದುಗರಿಗೆ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮೈಸೂರು ಪಾಲಿಕೆಗೋ ಹುಬ್ಬಳ್ಳಿ-ಧಾರವಾಡ ಪಾಲಿಕೆಗೋ ಹೊಸ ಕಾನೂನು ಬೇಕಾದರೆ ರಾಜ್ಯ ಸರ್ಕಾರದ ಮುಂದೆ ಹೋಗಿ ಕೇಳಬೇಕು. ಮಸೂದೆ ತರೋದು ಸರ್ಕಾರ. ಇಲ್ಲಿ ಹಾಗಲ್ಲ. ಒಂದು ನಗರದ ಕೌನ್ಸಿಲ್ಲು ತಾನೇ ಮಸೂದೆ ಬರೆಸಿ, ವಕೀಲರನ್ನು ಹಿಡಿದು, ನೇರ ಸಂಸತ್ತಿನ ಬಾಗಿಲು ತಟ್ಟಬಹುದು. ಆ ಕಾನೂನು ಆ ಊರಿಗೆ ಮಾತ್ರ. ನಮ್ಮಲ್ಲಿ ಶಾಸಕರೊಬ್ಬರು ಸ್ವಂತವಾಗಿ ಮಂಡಿಸುವ ಖಾಸಗಿ ಸದಸ್ಯರ ಮಸೂದೆ ಇದೆಯಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. 19ನೇ ಶತಮಾನದಲ್ಲಿ ಈ ದೇಶದ ರೈಲು ಹಳಿಗಳು, ಕಾಲುವೆಗಳು ಹೆಚ್ಚು ಕಡಿಮೆ ಇದೇ ದಾರಿಯಲ್ಲಿ ಒಪ್ಪಿಗೆ ಪಡೆದವು. 1992ರಲ್ಲಿ ರೈಲು, ಟ್ರಾಮ್ ಯೋಜನೆಗಳಿಗೆ ಬೇರೆ ವ್ಯವಸ್ಥೆ ಬಂತು. ಆಮೇಲೆ ಖಾಸಗಿ ಮಸೂದೆಗಳು ಬೆರಳೆಣಿಕೆಗೆ ಇಳಿದವು. ಕಡಿಮೆ ಆದವು ಅಂತ ಸಣ್ಣವಾಗಲಿಲ್ಲ. ದೊಡ್ಡ ಮಸೂದೆಗಳ ಮೇಲೆ ಟಿವಿಯಲ್ಲಿ ಚರ್ಚೆ ನಡೆಯುತ್ತದೆ. ಇವು ಸುಮ್ನೆ ಬಂದು ಸುಮ್ನೆ ಕಾನೂನಾಗುತ್ತವೆ.

ಈಗ ಪೆಡ್ಲರ್‌ಗಳ ವಿಷಯಕ್ಕೆ ಬರುತ್ತೇನೆ. ಬುಟ್ಟಿ, ಚೀಲ, ಸಣ್ಣ ತಳ್ಳುಗಾಡಿ ಹಿಡಿದು ಊರಿಂದ ಊರಿಗೆ ಕಾಲ್ನಡಿಗೆಯಲ್ಲಿ ಹೋಗಿ ಮಾರುವವರು. 1871ರ ಪೆಡ್ಲರ್ಸ್ ಆಕ್ಟ್ ಅವರಿಗಾಗಿಯೇ ಬಂದದ್ದು. ಅದರ ಪ್ರಕಾರ ಪೆಡ್ಲರ್ ಅಂದರೆ ಕುದುರೆ, ಕತ್ತೆ ಇಲ್ಲದೆ, ಕಾಲ್ನಡಿಗೆಯಲ್ಲಿ ಹೊರಟು ಸಾಮಾನು ಮಾರುವವನು. ತಗಡಿನ ಪಾತ್ರೆ ರಿಪೇರಿ ಮಾಡುವವನು, ಕುರ್ಚಿ ಸರಿಮಾಡುವವನು ಕೂಡ ಆ ಪಟ್ಟಿಯಲ್ಲಿದ್ದಾರೆ. ಹದಿನೇಳು ವರ್ಷ ಆಗಿರಬೇಕು. ಆ ಪೊಲೀಸ್ ವ್ಯಾಪ್ತಿಯಲ್ಲಿ ಒಂದು ತಿಂಗಳಾದರೂ ವಾಸ ಇರಬೇಕು. ನಡತೆ ಚೆನ್ನಾಗಿರಬೇಕು. 12 ಪೌಂಡ್ 25 ಪೆನ್ಸ್ ಕಟ್ಟಿದರೆ ಪೊಲೀಸರು ಸರ್ಟಿಫಿಕೇಟ್ ಕೊಡುತ್ತಾರೆ. ಒಂದು ವರ್ಷ ನಡೆಯುತ್ತದೆ. ಒಂದೂರಲ್ಲಿ ಪಡೆದದ್ದು ಎಲ್ಲ ಊರಲ್ಲೂ ಸಲ್ಲುತ್ತದೆ.

ಆ ಸರ್ಟಿಫಿಕೇಟಿನ ಬಗ್ಗೆ ನನಗೆ ತುಂಬ ಹಿಡಿಸಿದ್ದು ಒಂದಿದೆ. ಪೊಲೀಸರು ಕೇಳಿದರೆ ತೋರಿಸಬೇಕು, ಅದು ಸರಿ. ಆದರೆ ಅವನು ಯಾರಿಗೆ ಸಾಮಾನು ಮಾರಲು ಬಂದಿದ್ದಾನೋ ಅವರು ಕೇಳಿದರೂ ತೋರಿಸಲೇಬೇಕು. ಅಂದರೆ ಬಲೂನು ಕೊಳ್ಳಲು ನಿಂತ ಅಜ್ಜಿ "ಎಲ್ಲಪ್ಪ ನಿನ್ನ ಕಾಗದ?" ಅಂತ ಕೇಳಬಹುದು. ಅವನು ಜೇಬಿಂದ ತೆಗೆದು ತೋರಿಸಬೇಕು. ದೊಡ್ಡ ಅಂಗಡಿಗೆ ಹೋಗಿ ನಾವು ಯಾವತ್ತಾದರೂ ಹೀಗೆ ಕೇಳಿದ್ದೀವಾ? ಬಡ ವ್ಯಾಪಾರಿಯ ಮೇಲೆ 1871ರಲ್ಲೇ ಇಷ್ಟು ಕಣ್ಗಾವಲು ಇಟ್ಟಿದ್ದರು. ಅದರ ಬದಲಿಗೆ ಅವನಿಗೆ ಸಿಕ್ಕಿದ್ದು ದೇಶದ ಯಾವ ಬೀದಿಯಲ್ಲಾದರೂ ನಡೆದು ಮಾರುವ ಹಕ್ಕು.

1982ರಲ್ಲಿ ಬೀದಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡುವ ಅಧಿಕಾರ ಕೌನ್ಸಿಲ್‌ಗಳ ಕೈಗೆ ಬಂತು. ಆ ಕಾಯ್ದೆಯೂ ಪೆಡ್ಲರ್‌ನನ್ನು ಮುಟ್ಟಲಿಲ್ಲ. ಸರ್ಟಿಫಿಕೇಟ್ ಇಟ್ಟುಕೊಂಡು ಪೆಡ್ಲರ್ ಆಗಿ ಮಾರುವವನಿಗೆ ಬೀದಿ ಲೈಸೆನ್ಸ್ ಬೇಡ ಅಂತ ಬಿಟ್ಟಿತು. ಹಾಗಾದರೆ ಯಾರು ಪೆಡ್ಲರ್, ಯಾರು ಅಲ್ಲ? 1988ರ ವಾಟ್ಸನ್ ವಿರುದ್ಧ ಮಲಾಯ್ ಪ್ರಕರಣದಲ್ಲಿ ಕೋರ್ಟು ಇದಕ್ಕೆ ಚೆಂದದ ಗೆರೆ ಎಳೆಯಿತು. ನಡೆಯುತ್ತಾ ನಡೆಯುತ್ತಾ ಮಾರುವವನು ಪೆಡ್ಲರ್. ಒಂದು ಜಾಗಕ್ಕೆ ಹೋಗಿ ಅಲ್ಲಿ ನಿಂತು ಮಾರುವುದಕ್ಕಾಗಿ ನಡೆಯುವವನು ಅಲ್ಲ.

ಕೌನ್ಸಿಲ್‌ಗಳ ತಕರಾರು ಇಲ್ಲಿಂದಲೇ ಶುರು. ಪೆಡ್ಲರ್ ಹೆಸರಲ್ಲಿ ಬಂದು ದೊಡ್ಡ ಗಾಡಿ ನಿಲ್ಲಿಸಿ ದಿನವಿಡೀ ಒಂದೇ ಕಡೆ ಮಾರುತ್ತಾರೆ, ಪಕ್ಕದಲ್ಲಿ ಬಾಡಿಗೆ ಕಟ್ಟಿ ಮಳಿಗೆ ಇಟ್ಟವನಿಗೆ ಅನ್ಯಾಯ ಆಗುತ್ತದೆ ಅನ್ನುತ್ತಾರೆ. ಇದು ಸುಳ್ಳಲ್ಲ. ಕ್ರಿಸ್ಮಸ್ ಮುಂಚಿನ ಶನಿವಾರ ನಮ್ಮ ರೆಡಿಂಗ್‌ನ ಬ್ರಾಡ್ ಸ್ಟ್ರೀಟ್‌ನಲ್ಲಿ ಮಗುವಿನ ತಳ್ಳುಗಾಡಿ ಹಿಡಿದು ಓಡಾಡಿ ನೋಡಿ, ಅವರ ಮಾತು ಅರ್ಥ ಆಗುತ್ತದೆ. ಆದರೆ ನಿಂತು ಮಾರುವವನು 1988ರ ತೀರ್ಪಿನ ಪ್ರಕಾರ ಪೆಡ್ಲರೇ ಅಲ್ಲವಲ್ಲ. ಅವನ ಮೇಲೆ ಇರುವ ಕಾನೂನಲ್ಲೇ ಕೇಸು ಹಾಕಬಹುದು. ಹಾಕೋಕೆ ಸಾಕ್ಷಿ ಬೇಕು, ಅಧಿಕಾರಿಗಳು ಗಂಟೆಗಟ್ಟಲೆ ನಿಂತು ನೋಡಬೇಕು, ಖರ್ಚು ಬರುತ್ತದೆ. ಅದು ಕಷ್ಟ ಅಂತ ಸುಲಭದ ದಾರಿ ಹುಡುಕಿದರು. ಆ ಸುಲಭದ ದಾರಿಯೇ ಖಾಸಗಿ ಮಸೂದೆ.

1999ರಲ್ಲಿ ವೆಸ್ಟ್‌ಮಿನ್‌ಸ್ಟರ್, 2000ದಲ್ಲಿ ನ್ಯೂಕ್ಯಾಸಲ್, 2004ರಲ್ಲಿ ಮೆಡ್‌ವೇ, 2006ರಲ್ಲಿ ಲೆಸ್ಟರ್, ಲಿವರ್‌ಪೂಲ್, ಮೇಡ್‌ಸ್ಟನ್. ಒಂದಾದ ಮೇಲೊಂದು ಊರು ತನ್ನದೇ ಕಾಯ್ದೆ ಮಾಡಿಸಿಕೊಂಡಿತು. ತಿರುಳು ಒಂದೇ. ಪೆಡ್ಲರ್ ಮನೆ ಮನೆಗೆ ಹೋಗಿ ಬಾಗಿಲು ತಟ್ಟಿ ಮಾರಲಿ, ಬೀದಿಯಲ್ಲಿ ಬೇಡ. ಯೋಚನೆ ಮಾಡಿ. ಇವತ್ತಿನ ಕಾಲದಲ್ಲಿ ಯಾರು ಬಾಗಿಲು ತೆಗೆದು ಅಪರಿಚಿತನ ಹತ್ತಿರ ಬಲೂನು ಕೊಳ್ಳುತ್ತಾರೆ? ಸರ್ಟಿಫಿಕೇಟ್ ಕೈಯಲ್ಲೇ ಇದೆ, ಕಾಯ್ದೆ ಪುಸ್ತಕದಲ್ಲೇ ಇದೆ, ಹೊಟ್ಟೆಪಾಡು ಮಾತ್ರ ಹೋಯಿತು.

ಒಂದು ಊರಿಗೆ ಸಿಕ್ಕಿದ್ದನ್ನು ಇನ್ನೊಂದು ಊರು ಕೇಳುವುದು ಸಹಜ. ಅದನ್ನು ಕೊಡಬೇಕಾ ಅಂತ ನಿಲ್ಲಿಸಿ ಕೇಳಬೇಕಾದವರು ನೀವು. ಅವರಿಗೆ ಕೊಟ್ಟಿದ್ದೀರಿ, ನಮಗೂ ಕೊಡಿ ಅನ್ನುವುದು ಮದುವೆ ಮನೆಯ ತಾಂಬೂಲಕ್ಕೆ ಸರಿ. ಒಬ್ಬನ ದುಡಿಮೆ ಕಿತ್ತುಕೊಳ್ಳುವ ಕಲಮಿಗೆ ಸರಿಯಲ್ಲ.

2010ರಲ್ಲಿ ಬೋರ್ನ್‌ಮತ್, ಮ್ಯಾಂಚೆಸ್ಟರ್ ಕೂಡ ತಮ್ಮ ಕಾಯ್ದೆ ಪಡೆದವು. ಅಷ್ಟರಲ್ಲಿ ಕ್ಯಾಂಟರ್ಬರಿ, ಲೀಡ್ಸ್, ನಾಟಿಂಗ್‌ಹ್ಯಾಮ್ ಮತ್ತು ನಮ್ಮ ರೆಡಿಂಗ್, ಈ ನಾಲ್ಕು ಊರುಗಳ ಮಸೂದೆಗಳು ಸಾಲಲ್ಲಿ ನಿಂತಿದ್ದವು. ಇವು 2007ರ ಕೊನೆಯಲ್ಲಿ ಹೊರಟು 2013ರಲ್ಲಿ ಕಾನೂನಾದವು. ಐದು ವರ್ಷಕ್ಕೂ ಜಾಸ್ತಿ! ಜನ ಆರಿಸುವ ಕೆಳಮನೆ ಕಾಮನ್ಸ್ ಸಭೆಯಲ್ಲಿ ಸಂಸದ ಕ್ರಿಸ್ಟೋಫರ್ ಚೋಪ್ ಮತ್ತು ಅವರ ಜೊತೆಯ ಕೆಲವರು ಹೆಜ್ಜೆ ಹೆಜ್ಜೆಗೂ ಅಡ್ಡ ಕೂತರು. ಈ ಚೋಪ್ ಅವರ ಬಗ್ಗೆ ನನಗೆ ಅಂಥ ಪ್ರೀತಿ ಏನಿಲ್ಲ. ಹೆಂಗಸರ ಬಟ್ಟೆಯ ಅಡಿಯಿಂದ ಕದ್ದು ಫೋಟೋ ತೆಗೆಯುವುದನ್ನು ಅಪರಾಧ ಮಾಡುವ ಮಸೂದೆಗೆ 2018ರಲ್ಲಿ "ಆಕ್ಷೇಪ" ಅಂತ ಕೂಗಿ ದೇಶದ ಬೈಗುಳ ತಿಂದವರು ಇವರೇ. ಆದರೆ ಪೆಡ್ಲರ್ ವಿಷಯದಲ್ಲಿ ಆ ಮೊಂಡುತನ ಕೆಲಸಕ್ಕೆ ಬಂತು ಅಂತ ಒಪ್ಪಿಕೊಳ್ಳಲೇಬೇಕು.

ನಿಜವಾದ ಕೆಲಸ ನಡೆದದ್ದು ಮಾತ್ರ ನಿಮ್ಮಲ್ಲಿ. ಪೆಡ್ಲರ್‌ಗಳು ಅರ್ಜಿ ಹಾಕಿದರು. ನೀವು ಸಮಿತಿ ಕೂರಿಸಿದಿರಿ. ಇಂಥ ಸಮಿತಿಯಲ್ಲಿ ನಿಮ್ಮ ಐದು ಜನ ಸದಸ್ಯರು ಹೆಚ್ಚು ಕಡಿಮೆ ನ್ಯಾಯಾಧೀಶರ ಹಾಗೆ ಕೂರುತ್ತಾರೆ. ಒಂದು ಕಡೆ ಕೌನ್ಸಿಲ್‌ನ ಬ್ಯಾರಿಸ್ಟರ್, ಈ ಕೆಲಸಕ್ಕೆ ಅಂತಲೇ ಇರುವ ಪಾರ್ಲಿಮೆಂಟರಿ ಏಜೆಂಟರು, ದಪ್ಪ ದಪ್ಪ ಫೈಲುಗಳು. ಇನ್ನೊಂದು ಕಡೆ ಬೀದಿಯಲ್ಲಿ ಮಾರುವ ಮನುಷ್ಯ ತನ್ನ ಮಾತನ್ನು ತಾನೇ ಹೇಳಿಕೊಳ್ಳುತ್ತಾನೆ. ಈ ಕಾನೂನು ಬೇಕೇ ಬೇಕು ಅಂತ ಸಾಬೀತು ಮಾಡಬೇಕಾದದ್ದು ಕೌನ್ಸಿಲ್ಲು, ಬೇಡ ಅನ್ನುವವನಲ್ಲ. ಈ ನಿಯಮ ನನಗೆ ತುಂಬ ಇಷ್ಟ. ಸಾಮಾನ್ಯವಾಗಿ ಕಚೇರಿಗಳಲ್ಲಿ ಇದು ಉಲ್ಟಾ ಇರುತ್ತದೆ ಅಲ್ವಾ?

ಕೊನೆಗೆ ಆ ನಾಲ್ಕು ಮಸೂದೆಗಳಲ್ಲಿ ಪೆಡ್ಲರ್ ಕಲಮು ಬಂದ ಹಾಗೆಯೇ ಉಳಿಯಲಿಲ್ಲ. ಬೀದಿಯಿಂದ ಪೂರ್ತಿ ಹೊರಗೆ ಹಾಕುವ ಬದಲು, ಸಾಮಾನನ್ನು ಹೇಗೆ ಒಯ್ಯಬೇಕು ಅನ್ನುವುದಕ್ಕೆ ಮಿತಿ ಹಾಕಿ ನಡೆದು ಮಾರುವುದಕ್ಕೆ ದಾರಿ ಬಿಟ್ಟಿರಿ. ದೊಡ್ಡ ಗಾಡಿ ತಂದು ದಾರಿ ಕಟ್ಟುವವನಿಗೂ ಕೈಯಲ್ಲಿ ಹಿಡಿದು ಹೋಗುವವನಿಗೂ ನಡುವೆ ಒಂದು ಗೆರೆ ಬಿತ್ತು. ಕೌನ್ಸಿಲ್‌ಗಳು ಹೇಳಿಕೊಂಡಿದ್ದ ಕಷ್ಟವೂ ಅಷ್ಟೇ ತಾನೇ? ಕಷ್ಟ ಎಷ್ಟಿದೆಯೋ ಔಷಧಿಯೂ ಅಷ್ಟೇ.

ನಾನು ಜನ ಆರಿಸದ ಸಭೆಯ ಅಭಿಮಾನಿ ಅಲ್ಲ. ಭಾರತದ ಪಾಸ್‌ಪೋರ್ಟ್ ಇರುವ ನಮ್ಮಂಥವರಿಗೂ ಈ ದೇಶ ಕೌನ್ಸಿಲ್ ಚುನಾವಣೆಯಲ್ಲಿ, ಕಾಮನ್ಸ್ ಚುನಾವಣೆಯಲ್ಲಿ ಮತ ಕೊಟ್ಟಿದೆ. ನಿಮಗೆ ಮಾತ್ರ ನಾವೂ ಮತ ಹಾಕಲ್ಲ, ಯಾರೂ ಹಾಕಲ್ಲ. ಆದರೆ ಓಟಿನ ಲೆಕ್ಕ ಇಲ್ಲದ ಕಾರಣಕ್ಕೇ ಇರಬಹುದು, ಬಲೂನು ಮಾರುವವನ ಮಾತನ್ನು ನೀವು ಕೂತು ಕೇಳಿದಿರಿ. ಊರಿನ ಕೌನ್ಸಿಲರ್‌ಗಳಿಗೆ ಅಂಗಡಿ ಮಾಲೀಕರ ಸಂಘ ಕಾಣಿಸುತ್ತದೆ. ಇವತ್ತು ಇಲ್ಲಿದ್ದು ನಾಳೆ ಬೇರೆ ಊರಲ್ಲಿರುವವನು ಯಾರ ಮತದಾರ?

ನಮ್ಮ ಓದುಗರಿಗೆ ಇನ್ನೊಂದು ವಿಷಯ. ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 75 ಸದಸ್ಯರಿದ್ದಾರೆ. ಅದರಲ್ಲಿ 25 ಜನರನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೇ ಆರಿಸಿ ಕಳಿಸುತ್ತಾರೆ. ಆದರೂ ಒಂದು ಮಸೂದೆ ಪರಿಷತ್ತಿಗೆ ಇಷ್ಟ ಇಲ್ಲದಿದ್ದರೆ ಅದು ಮಾಡಬಹುದಾದದ್ದು ಸ್ವಲ್ಪ ತಡ. ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು. ಆಮೇಲೆ ವಿಧಾನಸಭೆಯ ಮಾತೇ ಕೊನೆ. ಇಲ್ಲಿನ ಲಾರ್ಡ್ಸ್ ಸಭೆಗೂ ಸಾರ್ವಜನಿಕ ಮಸೂದೆಗಳಲ್ಲಿ 1911ರ ಪಾರ್ಲಿಮೆಂಟ್ ಆಕ್ಟ್ ಹೀಗೇ ಕೈ ಕಟ್ಟಿದೆ. ಆದರೆ ಖಾಸಗಿ ಮಸೂದೆಗೆ ಆ ಕಾಯ್ದೆ ತಗಲುವುದಿಲ್ಲ. ಇಲ್ಲಿ ಲಾರ್ಡ್ಸ್ ಮತ್ತು ಕಾಮನ್ಸ್ ಸಮಸಮ. ನೀವು ತಿದ್ದಿದರೆ ತಿದ್ದಿದ್ದೇ, ಬೇಡ ಅಂದರೆ ಮಸೂದೆ ಬಿದ್ದಂತೆ.

ಹೀಗಾಗಿ ಮಾನ್ಯ ಸದಸ್ಯರೇ, "ನಮ್ಮ ಕೈಲಿ ಏನಿದೆ" ಅನ್ನುವ ಮಾತು ನಿಮ್ಮ ಬಾಯಲ್ಲಿ ಇಲ್ಲಿ ಬರಬಾರದು. ಎರಡನೇ ವಾಚನದಲ್ಲಿ ನೀವು ಮಸೂದೆಯ ತತ್ವ ಒಪ್ಪಿದ ಹಾಗೂ ಆಗುವುದಿಲ್ಲ. ಅದು ಸಮಿತಿಗೆ ಕಳಿಸುವ ಹೆಜ್ಜೆ ಅಷ್ಟೇ. ಸಮಿತಿ ಕಲಮು ಕಲಮಾಗಿ ತಿದ್ದಬಹುದು. ಮೂರನೇ ವಾಚನದಲ್ಲಿ ಮತ್ತೆ ತಿದ್ದುಪಡಿ ತರಬಹುದು. ಇಷ್ಟು ಬಾಗಿಲು ತೆರೆದಿಟ್ಟುಕೊಂಡು ಕೌನ್ಸಿಲ್ ಬರೆದು ತಂದದ್ದಕ್ಕೇ ಮುದ್ರೆ ಒತ್ತಬೇಡಿ.

ನಾನು ಕೇಳುವುದು ಏನು ಅಂತ ಈಗ ಹೇಳುತ್ತೇನೆ. ಮುಂದೆ ಯಾವ ಊರಿನ ಕೌನ್ಸಿಲ್ ಬೀದಿಯ ವಿಷಯ ಹಿಡಿದು ಬಂದರೂ, "ಮನೆ ಮನೆಗೆ ಮಾತ್ರ" ಅನ್ನುವ ಹಳೆಯ ಕಲಮನ್ನು ಒಳಗೆ ಬಿಡಬೇಡಿ. ನ್ಯೂಕ್ಯಾಸಲ್‌ನಲ್ಲಿದೆ, ಲಿವರ್‌ಪೂಲ್‌ನಲ್ಲಿದೆ ಅನ್ನುವುದು ಕಾರಣ ಆಗಬಾರದು. 2013ರಲ್ಲಿ ನೀವೇ ತಿದ್ದಿದ ರೂಪ ಇದೆಯಲ್ಲ, ಅಲ್ಲಿಂದ ಮಾತು ಶುರುವಾಗಲಿ. ಹಳೆಯ ಕಾಯ್ದೆ ಇರುವ ಊರುಗಳ ಯಾವುದಾದರೂ ಕೌನ್ಸಿಲ್ ಬೇರೆ ಕೆಲಸಕ್ಕೆ ಅಂತ ಮತ್ತೆ ನಿಮ್ಮ ಬಾಗಿಲಿಗೆ ಬಂದರೆ, ಆ ಹಳೆಯ ಕಲಮು ಯಾಕೆ ಹಾಗೇ ಇದೆ ಅಂತ ಕೇಳಿ. ಒಂದೇ ಸರ್ಟಿಫಿಕೇಟ್ ಹಿಡಿದವನು ರೆಡಿಂಗ್‌ನಲ್ಲಿ ವ್ಯಾಪಾರಿ, ಲೆಸ್ಟರ್‌ನಲ್ಲಿ ಅಪರಾಧಿ ಆಗುವುದು ನ್ಯಾಯ ಅಲ್ಲ. ಊರಿನ ಗಡಿ ದಾಟಿದಾಗ ಕಾನೂನು ಬದಲಾಯಿತು ಅಂತ ಅವನಿಗೆ ಯಾವ ಬೋರ್ಡು ಹೇಳುತ್ತದೆ?

ಜಪ್ತಿಯ ವಿಷಯ ಇನ್ನೂ ಮುಖ್ಯ. ಈ ಖಾಸಗಿ ಕಾಯ್ದೆಗಳಲ್ಲಿ ಸಾಮಾನು ಜಪ್ತಿ ಮಾಡುವ, ಸ್ಥಳದಲ್ಲೇ ದಂಡದ ಚೀಟಿ ಕೊಡುವ ಅಧಿಕಾರಗಳು ಬಂದಿವೆ. ಜಪ್ತಿ ತಪ್ಪಾದರೆ ಪರಿಹಾರ ಕೇಳಬಹುದು ಅಂತಲೂ ಇದೆ. ಆದರೆ ಪರಿಹಾರ ಸಿಗುವ ಹೊತ್ತಿಗೆ ಏನಾಗಿರುತ್ತದೆ? ದಿನದ ದುಡಿಮೆಯಲ್ಲಿ ಮನೆ ನಡೆಸುವವನಿಗೆ ಸಾಮಾನು ಹೋಯಿತು ಅಂದರೆ ಬಂಡವಾಳವೇ ಹೋಯಿತು. ನಾಳೆ ಬೆಳಗ್ಗೆ ಏನು ಹಿಡಿದು ಹೊರಡುತ್ತಾನೆ? ವಾರಗಟ್ಟಲೆ ಕಾದರೆ ಅವನು ಸಾಲಕ್ಕೆ ಬಿದ್ದಿರುತ್ತಾನೆ.

ಇದಕ್ಕೆ ಭಾರತದಲ್ಲಿ ಒಂದು ಒಳ್ಳೆಯ ಮಾದರಿ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಸಾಮಾನು ತೆಗೆದುಕೊಂಡು ಹೋಗುವ ಅಧಿಕಾರಿ ಪಟ್ಟಿ ಬರೆದು, ಸಹಿ ಹಾಕಿ, ಒಂದು ಪ್ರತಿ ವ್ಯಾಪಾರಿಗೆ ಕೊಡಬೇಕು. ಹಣ್ಣು, ಸೊಪ್ಪು, ಹೂವಿನಂಥ ಬೇಗ ಕೆಡುವ ಸಾಮಾನನ್ನು ವ್ಯಾಪಾರಿ ಬಂದು ಕೇಳಿದ ದಿನವೇ ಬಿಡಬೇಕು. ಬೇರೆ ಸಾಮಾನಾದರೆ ಕೇಳಿದ ಎರಡು ಕೆಲಸದ ದಿನಗಳ ಒಳಗೆ. ಊರಿನಲ್ಲಿ ಯಾರು ಎಲ್ಲಿ ಮಾರಬೇಕು ಅಂತ ನೋಡುವ ಸಮಿತಿಯಲ್ಲಿ ಕಡೇಪಕ್ಷ ಶೇಕಡಾ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು.

ಬೆಂಗಳೂರಿನವರು ಇಷ್ಟು ಓದಿ ನಗುತ್ತಿರಬಹುದು. ಗೊತ್ತು. ಕಾಯ್ದೆ ಪುಸ್ತಕದಲ್ಲಿ ಇರೋದೇ ಬೇರೆ, ಗಾಡಿ ಎತ್ತಿ ಲಾರಿಗೆ ಎಸೆಯುವಾಗ ನಡೆಯೋದೇ ಬೇರೆ. ಪಟ್ಟಿಯೂ ಇಲ್ಲ, ಪ್ರತಿಯೂ ಇಲ್ಲ ಅನ್ನುವ ದೂರು ನಮ್ಮಲ್ಲಿ ಹೊಸದಲ್ಲ. ಆದರೆ ಪುಸ್ತಕದಲ್ಲಿ ಇದ್ದರೆ ನಾಳೆ ಕೋರ್ಟಿನಲ್ಲಿ ತೋರಿಸಬಹುದು. ಇಲ್ಲಿ ಪುಸ್ತಕದಲ್ಲಿ ಇರುವುದನ್ನು ಜಾರಿ ಮಾಡುವ ಅಭ್ಯಾಸ ಸ್ವಲ್ಪ ಜಾಸ್ತಿ. ಹಾಗಾಗಿ ಇಲ್ಲಿನ ಪುಸ್ತಕದಲ್ಲಿ ಆ ಸಾಲು ಬರಲಿ ಅಂತ ಕೇಳುತ್ತಿದ್ದೇನೆ. ಜಪ್ತಿ ಕಲಮಿನ ಕೆಳಗೆ ಮೂರು ಸಾಲು ಸೇರಿಸಿದರೆ ಸಾಕು. ಸಹಿ ಮಾಡಿದ ಪಟ್ಟಿ, ಕೆಡುವ ಸಾಮಾನು ಅದೇ ದಿನ, ಉಳಿದದ್ದು ಎರಡು ದಿನದಲ್ಲಿ.

ತಿದ್ದುಪಡಿಯಲ್ಲಿ ಸೇರಿಸುವಷ್ಟೇ ಮುಖ್ಯವಾದದ್ದು ತೆಗೆದುಹಾಕುವುದು. 2007ರಲ್ಲಿ ಲಂಡನ್ ಕೌನ್ಸಿಲ್‌ಗಳು ತಂದ ಮಸೂದೆಯ ಪ್ರಸ್ತಾವದಲ್ಲಿ ಬೀದಿಯಲ್ಲಿ ಪುಕ್ಕಟೆ ಊಟ ಹಂಚುವುದನ್ನು ತಡೆಯುವ ಒಂದು ಕಲಮಿತ್ತು. ಮನೆಯಿಲ್ಲದವರಿಗೆ ರಾತ್ರಿ ಸೂಪು, ಬ್ರೆಡ್ಡು ಕೊಡುವವರ ಮೇಲೆ ಅದರ ಕಣ್ಣು. ದತ್ತಿ ಸಂಸ್ಥೆಗಳು ಗಲಾಟೆ ಎಬ್ಬಿಸಿದ ಮೇಲೆ ಅದನ್ನು ಕೈಬಿಟ್ಟರು. ದಾಸೋಹದ ನಾಡಿನಿಂದ ಬಂದ ನನಗೆ, ಅನ್ನ ಹಾಕುವುದಕ್ಕೆ ದಂಡ ಅನ್ನುವ ಯೋಚನೆ ಕರಡಿನ ತನಕ ಹೇಗೆ ಬಂತು ಅಂತ ಇವತ್ತಿಗೂ ಆಶ್ಚರ್ಯ. 2015ರಲ್ಲಿ ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಅನಾವರಣ ಆದಾಗ ಕನ್ನಡಿಗರೆಲ್ಲ ಫೋಟೋ ತೆಗೆಸಿಕೊಂಡೆವು. ಕಾಯಕ, ದಾಸೋಹ ಅಂತ ಭಾಷಣವೂ ಕೇಳಿದೆವು. ಅದೇ ನದಿಯ ಪಕ್ಕದ ಸಂಸತ್ತಿನ ಕೋಣೆಗಳಲ್ಲಿ ಕಾಯಕದ ಬಗ್ಗೆ ಕಲಮುಗಳು ಬರೆಯಲ್ಪಡುತ್ತವೆ ಅಂತ ಎಷ್ಟು ಜನ ಗಮನಿಸಿದ್ದೇವೆ?

ಈ ಮಾತು ನಮ್ಮವರಿಗೇ. ಕೌನ್ಸಿಲ್ ಖಾಸಗಿ ಮಸೂದೆ ತರಬೇಕಾದರೆ ಮೊದಲು ತನ್ನ ಒಟ್ಟು ಸದಸ್ಯರಲ್ಲಿ ಬಹುಮತ ಪಡೆದು ನಿರ್ಣಯ ಮಾಡಬೇಕು. ಆ ಸಭೆಯ ಬಗ್ಗೆ ಪತ್ರಿಕೆಯಲ್ಲಿ ನೋಟಿಸು ಬರಬೇಕು. ಮಸೂದೆ ಸಂಸತ್ತಿಗೆ ಸೇರಬೇಕಾದದ್ದು ನವೆಂಬರ್ 27ರ ಒಳಗೆ. ಡಿಸೆಂಬರ್ 11ರ ಒಳಗೆ ಸ್ಥಳೀಯ ಪತ್ರಿಕೆಯಲ್ಲಿ, ಗೆಜೆಟ್‌ನಲ್ಲಿ ಮತ್ತೆ ನೋಟಿಸು. ನಾವೆಲ್ಲ ಊರಿಗೆ ಹೋಗಲು ವಿಮಾನದ ಟಿಕೆಟ್ ಹುಡುಕುವ ಹೊತ್ತು ಅದು! ಆಮೇಲೆ ಎದುರು ಅರ್ಜಿ ಹಾಕಲು ಹೆಚ್ಚು ದಿನ ಸಿಗುವುದಿಲ್ಲ. ಶುಲ್ಕ 20 ಪೌಂಡ್. ಮಸೂದೆಯಿಂದ ನಿಮಗೆ ನೇರವಾಗಿ, ವಿಶೇಷವಾಗಿ ಏನು ತೊಂದರೆ ಅಂತ ಬರೆಯಬೇಕು. ಅದಿಲ್ಲದಿದ್ದರೆ ನಿಮ್ಮ ಅರ್ಜಿಯನ್ನು ಕೇಳಲೇಬೇಡಿ ಅಂತ ಕೌನ್ಸಿಲ್ ವಾದ ಮಾಡಬಹುದು. ವಕೀಲರು ಕಡ್ಡಾಯ ಅಲ್ಲ, ನೀವೇ ಹೋಗಿ ಮಾತಾಡಬಹುದು.

ಇಲ್ಲೇ ನನ್ನ ಕೊನೆಯ ಬೇಡಿಕೆಯೂ ಇದೆ, ಲಾರ್ಡ್ಸ್ ಸದಸ್ಯರೇ. 20 ಪೌಂಡ್ ದೊಡ್ಡದಲ್ಲ. ದೊಡ್ಡದು ಆ ಮಸೂದೆಯನ್ನು ಓದಿ ಅರ್ಥ ಮಾಡಿಕೊಳ್ಳುವ ಕೆಲಸ. "1982ರ ಕಾಯ್ದೆಯ 4ನೇ ಷೆಡ್ಯೂಲಿನ ಇಂಥ ಪ್ಯಾರಾದಲ್ಲಿ ಈ ಪದಗಳ ನಂತರ ಈ ಪದಗಳನ್ನು ಸೇರಿಸುವುದು" ಅಂತ ಬರೆದರೆ ಬೀದಿ ವ್ಯಾಪಾರಿಗೆ ಏನು ತಿಳಿಯಬೇಕು? ಕೌನ್ಸಿಲ್ಲು ಮಸೂದೆಯ ಜೊತೆಗೆ ಒಂದು ಹಾಳೆ ಕೊಡಲಿ. ಎಡಗಡೆ ಈಗಿರುವ ಕಾನೂನು, ಬಲಗಡೆ ಬದಲಾದ ಮೇಲೆ ಹೇಗಿರುತ್ತದೆ ಅಂತ. ನೀವು ಸಮಿತಿಯಲ್ಲಿ ತಿದ್ದಿದಾಗಲೂ ಆ ಹಾಳೆ ಹೊಸದಾಗಿ ಬರಲಿ. ಅದನ್ನು ನೋಟಿಸಿನ ಜೊತೆಗೆ ಊರಿನ ಲೈಬ್ರರಿಯಲ್ಲಿ ಇಡಲಿ, ಪೆಡ್ಲರ್ ಸರ್ಟಿಫಿಕೇಟ್ ಕೊಡುವ ಪೊಲೀಸ್ ಠಾಣೆಯಲ್ಲಿ ಅಂಟಿಸಲಿ. ಸರ್ಟಿಫಿಕೇಟ್ ಹೊಸದು ಮಾಡಿಸಲು ಅವನು ವರ್ಷಕ್ಕೊಮ್ಮೆಯಾದರೂ ಅಲ್ಲಿಗೆ ಬಂದೇ ಬರುತ್ತಾನೆ.

2012ರಲ್ಲಿ ಸರ್ಕಾರ ಪೆಡ್ಲರ್ಸ್ ಆಕ್ಟನ್ನೇ ರದ್ದು ಮಾಡುವ ಪ್ರಸ್ತಾವ ಇಟ್ಟು ಜನರ ಅಭಿಪ್ರಾಯ ಕೇಳಿತ್ತು. ಅದು ಅಲ್ಲಿಗೇ ನಿಂತಿತು, 1871ರ ಕಾಯ್ದೆ ಇನ್ನೂ ಉಸಿರಾಡುತ್ತಿದೆ. ಅದು ಇರುವ ತನಕ, ಒಂದೊಂದು ಊರಿನ ಖಾಸಗಿ ಮಸೂದೆ ಬಂದು ಅದನ್ನು ಮೂಲೆಯಿಂದ ಕತ್ತರಿಸುತ್ತಾ ಹೋಗಲು ಬಿಡಬೇಡಿ. ಕಾಯ್ದೆ ಬೇಡ ಅಂತಿದ್ದರೆ ಸರ್ಕಾರ ಸಾರ್ವಜನಿಕ ಮಸೂದೆ ತರಲಿ, ಎಲ್ಲರ ಎದುರಿಗೆ ಚರ್ಚೆ ಆಗಲಿ.

ಇಂತಿ,
ರೆಡಿಂಗ್‌ನಲ್ಲಿ ವಾಸವಿರುವ ಒಬ್ಬ ಕನ್ನಡಿಗ